ಕಣ್ಣಾಸ್ಪತ್ರೆಯ ಕಾಡು

ಕಣ್ಣಾಸ್ಪತ್ರೆಯಲ್ಲಿ ರೋಗಿಗಳು ಕಾದು ಕೂರುವ ಕೋಣೆಯ ಗೋಡೆಗೆ ಏನನ್ನು ತೂಗುಹಾಕಬೇಕು ಎಂಬುದು ಮನುಕುಲ ಇನ್ನೂ ಬಗೆಹರಿಸಿಕೊಳ್ಳದ ಗಂಭೀರ ಪ್ರಶ್ನೆಗಳಲ್ಲಿ ಒಂದು. ಹಲ್ಲಿನ ಡಾಕ್ಟರಿಗೆ ಈ ಕಷ್ಟವಿಲ್ಲ. ಅವರಲ್ಲಿಗೆ ಬಂದವರು ಕೆನ್ನೆ ಹಿಡಿದುಕೊಂಡು ನೆಲ ನೋಡುತ್ತಿರುತ್ತಾರೆ. ಮೂಳೆ ಡಾಕ್ಟರು ಮೂಲೆಯಲ್ಲೊಂದು ಅಸ್ಥಿಪಂಜರ ನಿಲ್ಲಿಸಿದರೆ ಮುಗಿಯಿತು. ಆದರೆ ಕಣ್ಣಿಗೆ ಹನಿ ಹಾಕಿಸಿಕೊಂಡು, ಅರ್ಧ ಕಂಡು ಅರ್ಧ ಕಾಣದೆ, ತಮ್ಮ ಸರದಿ ಬರುವವರೆಗೆ ಎದುರಿನ ಗೋಡೆಯನ್ನೇ ನೋಡುತ್ತ ಕೂರುವವರಿಗೆ ಏನನ್ನು ತೋರಿಸುವುದು? ಬರೀ ಗೋಡೆ ಬಿಟ್ಟರೆ ಇದ್ದ ಕಣ್ಣೂ ಹೋಯಿತೇನೋ ಎಂದು ಹೆದರುತ್ತಾರೆ. ಸಣ್ಣ ಅಕ್ಷರದ ಫಲಕ ಹಾಕಿದರೆ ಪರೀಕ್ಷೆ ಆಗಲೇ ಶುರುವಾಯಿತೆಂದುಕೊಂಡು ಗಟ್ಟಿಯಾಗಿ ಓದತೊಡಗುತ್ತಾರೆ.

ಈ ಡಾಕ್ಟರಿಗಂತೂ ಪ್ರಶ್ನೆ ತುರ್ತಿನದಾಗಿತ್ತು. ಹಳೆಯ ಏಸಿ ಕಿತ್ತ ಜಾಗದಲ್ಲಿ, ಕುರ್ಚಿಗಳ ಸಾಲಿಗೆ ಸರಿ ಎದುರಾಗಿ, ಬಾಗಿಲಷ್ಟು ಅಗಲದ ಕಲೆ ಉಳಿದುಕೊಂಡಿತ್ತು. ಅದಕ್ಕೆ ಎಷ್ಟು ಸಲ ಸುಣ್ಣ ಬಳಿದರೂ ಎರಡು ದಿನ ಅಡಗಿದ್ದು ಮೂರನೇ ದಿನ ಇಣುಕುತ್ತಿತ್ತು. ಬೆಕ್ಕಿನ ಮರಿಗಳ ದೊಡ್ಡ ಫೋಟೊ ಹಾಕಿ ಎಂದರು ಹೆಂಡತಿ. ಡಾಕ್ಟರು ಅಕ್ಕನಿಗೆ ಫೋನು ಮಾಡಿದರು.

“ಒಂದು ಕಾಡು ಬರೆದುಕೊಡು. ಹಸಿರು ಕಣ್ಣಿಗೆ ಒಳ್ಳೇದು.”

“ಹಾಗಂತ ನಿಮ್ಮ ಪುಸ್ತಕದಲ್ಲಿ ಇದೆಯಾ?”

“ಇಲ್ಲ. ಆದರೆ ಜನ ನಂಬ್ತಾರೆ.”

ಕಾಡು ಬರೆಯುವುದು ಅಕ್ಕನಿಗೆ ನೀರು ಕುಡಿದಷ್ಟು ಸಲೀಸು. ಮೂವತ್ತು ವರ್ಷ ಅವಳು ಫೋಟೊ ಸ್ಟುಡಿಯೋಗಳಿಗೆ ಪರದೆ ಬರೆದು ಬದುಕಿದವಳು. ಅರಮನೆಯ ಮೆಟ್ಟಿಲು, ಸರೋವರ, ಕಂಬದ ಸಾಲು, ದಟ್ಟ ಕಾಡು. ಜನ ಯಾವುದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಯಸುತ್ತಾರೋ ಅದೆಲ್ಲ ಅವಳ ಕೈಯಿಂದ ಇಳಿದಿತ್ತು. ಆ ಕಸುಬಿಗೆ ಎರಡೇ ನಿಯಮ. ಒಂದು, ಬಣ್ಣ ಹೊಳೆಯಬಾರದು. ಹೊಳೆದರೆ ದೀಪದ ಬೆಳಕು ಪರದೆಗೆ ಹೊಡೆದು ಮದುಮಗನ ತಲೆಯ ಹಿಂದೆ ಎರಡನೇ ಸೂರ್ಯ ಹುಟ್ಟುತ್ತಾನೆ. ಇನ್ನೊಂದು, ನಡುವೆ ಯಾರೂ ಇರಬಾರದು. ಆ ಜಾಗ ಗಿರಾಕಿಯದು. ಹೀಗೆ ಅಕ್ಕ ಬರೆದ ಅರಮನೆಗಳಲ್ಲಿ ರಾಜನಿರಲಿಲ್ಲ, ಸರೋವರಗಳಲ್ಲಿ ದೋಣಿಯಿರಲಿಲ್ಲ, ಕಾಡುಗಳಲ್ಲಿ ನರಪಿಳ್ಳೆಯಿರಲಿಲ್ಲ. ಎಲ್ಲವೂ ಯಾರೋ ಬರಲಿ ಎಂದು ಕಾಯುತ್ತಿದ್ದವು. ಬಂದವರು ನಿಂತು, ನಕ್ಕು, ಹೋಗುತ್ತಿದ್ದರು.

ಕೊನೆಗೆ ಪರದೆಗಳ ಕಾಲ ಮುಗಿದು, ಅಕ್ಕ ಎಣ್ಣೆಬಣ್ಣ ಹಿಡಿದಳು. ತಮ್ಮನಿಗಾಗಿ ಬರೆದದ್ದು ಅವಳ ಮೊದಲ ದೊಡ್ಡ ತೈಲಚಿತ್ರ. ಮರಗಳು ಬಂದವು, ಮರಗಳ ನಡುವಿನ ಕತ್ತಲು ಬಂತು, ಮೇಲಿನಿಂದ ಸೋರುವ ಬೆಳಕು ಬಂತು. ನಡುವೆ ಎಂದಿನಂತೆ ಖಾಲಿ ಜಾಗ ಉಳಿಯಿತು. ಅಕ್ಕ ಕುಂಚ ಹಿಡಿದು ಆ ಜಾಗವನ್ನು ಬಹಳ ಹೊತ್ತು ನೋಡಿದಳು. ಇಲ್ಲಿ ಬಂದು ನಿಲ್ಲುವ ಗಿರಾಕಿ ಯಾರೂ ಇಲ್ಲ. ಮರುದಿನ ಅಲ್ಲಿ ಒಬ್ಬನಿದ್ದ. ಉದ್ದನೆಯ ಕೋಟು ತೊಟ್ಟು, ನಮಗೆ ಬೆನ್ನು ಹಾಕಿ, ಕತ್ತನ್ನು ಮಾತ್ರ ತುಸು ಈಚೆಗೆ ಹೊರಳಿಸಿ ನಿಂತಿದ್ದ. ಹಿಂದಿನಿಂದ ಯಾರೋ ಕರೆದದ್ದು ಕೇಳಿಸಿತೋ ಇಲ್ಲವೋ ಎಂಬ ಅನುಮಾನದಲ್ಲಿದ್ದವನಂತೆ.

ಚಿತ್ರವನ್ನು ಗೋಡೆಗೇರಿಸಿದ ದಿನ ತಮ್ಮ ಅವನನ್ನು ಕಂಡುಹಿಡಿದ.

“ಅಕ್ಕ, ಇದ್ಯಾರು?”

“ಕಾಡಿನಲ್ಲಿರೋನು.”

“ನಾನು ಕಾಡು ಕೇಳಿದ್ದೆ. ಮನುಷ್ಯನನ್ನ ಕೇಳಿರಲಿಲ್ಲ.”

“ಕೇಳದೇನೇ ಬಂದ. ಬಂದೋನನ್ನ ಓಡಿಸೋಕಾಗುತ್ತಾ?”

“ಅವನಿಗೆ ಅಲ್ಲೇನು ಕೆಲಸ?”

“ನಿಂತಿದ್ದಾನೆ. ನಿನಗೆ ಅಷ್ಟು ಬಿಡುವು ಸಿಕ್ಕರೆ ನೀನೂ ನಿಲ್ತೀಯ.”

ತಮ್ಮ ಚಿತ್ರದ ಅಂಚನ್ನು ನೆಟ್ಟಗೆ ಮಾಡಿದ. ಹಾಗೆ ನೋಡಿದರೆ ಗೋಡೆಯ ಕಲೆಯಂತೂ ಮುಚ್ಚಿತ್ತು. ಬಣ್ಣ ಒಳಗಿನವರೆಗೆ ಒಣಗಲು ತಿಂಗಳುಗಟ್ಟಲೆ ಬೇಕು, ಆಮೇಲೆ ಬಂದು ವಾರ್ನಿಷ್ ಬಳಿಯುತ್ತೇನೆ ಎಂದು ಹೇಳಿ ಅಕ್ಕ ಹೊರಟುಹೋದಳು. ಊರಿನ ಆಚೆ ತುದಿಯಲ್ಲಿ ಅವಳ ಮನೆ. ಹೊಸ ಚಿತ್ರ ಕೈ ಹತ್ತಿತ್ತು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಕಾಡಿನವನು ಬೇಗ ಆಸ್ಪತ್ರೆಯ ಮನುಷ್ಯನಾಗಿಬಿಟ್ಟ. “ಹನಿ ಹಾಕಿದೀನಿ, ಕಾಡಿನೋನನ್ನ ನೋಡ್ತಾ ಕೂತಿರಿ, ಕರೀತೀನಿ” ಎನ್ನುತ್ತಿದ್ದರು ನರ್ಸಮ್ಮ. ಕೂತವರು ನೋಡುತ್ತಿದ್ದರು. ಗಂಡಸಲ್ಲ ಹೆಂಗಸು ಎಂದು ಒಬ್ಬರು, ದಾರಿ ತಪ್ಪಿದವನು ಎಂದು ಇನ್ನೊಬ್ಬರು, ದಾರಿ ತಪ್ಪಿದವನು ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಅವನು ಅರಣ್ಯ ಇಲಾಖೆಯವನೇ ಇರಬೇಕು ಎಂದು ಮತ್ತೊಬ್ಬರು. ಪಕ್ಕದ ಕುರ್ಚಿಯವರ ಮುಖವನ್ನೂ ನೋಡದ ಜನ ಅವನ ನೆಪದಲ್ಲಿ ಮಾತಿಗೆ ಬಿದ್ದರು.

ಅವರಲ್ಲಿ ಅಂಪೈರ್ ಒಬ್ಬರು. ಕ್ರಿಕೆಟ್ ಪಂದ್ಯಗಳಲ್ಲಿ ಬಿಳಿ ಟೊಪ್ಪಿ ಹಾಕಿ ಇಡೀ ಆಯುಷ್ಯ ನಿಂತು ನಿವೃತ್ತರಾದ ಮನುಷ್ಯ. ಎತ್ತಿದ ಬೆರಳನ್ನು ಇಳಿಸಿದ ದಾಖಲೆ ಅವರ ಹೆಸರಿನಲ್ಲಿ ಇರಲಿಲ್ಲ; ಮೈದಾನದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವರ ಹೆಂಡತಿ ಹೇಳುವುದುಂಟು, ಮೊಲದ ಪರವಾಗಿ. ಎರಡೂ ಕಣ್ಣಿಗೆ ಪೊರೆ ಬಂದು ಅವರು ಆಸ್ಪತ್ರೆಗೆ ಬಂದದ್ದು, ಚಿತ್ರ ಗೋಡೆಗೇರಿದ ಹೊಸತರಲ್ಲಿ.

“ಗಂಡಸು. ಕಂದು ಕೋಟು. ನಮಗೆ ಬೆನ್ನು ಹಾಕಿದ್ದಾನೆ” ಎಂದು ಅಂಪೈರ್ ತೀರ್ಪು ಕೊಟ್ಟರು.

“ಮರದ ಮೋಟು ಅದು” ಎಂದರು ಹೆಂಡತಿ.

“ಮೋಟಿಗೆ ಕತ್ತು ಇರುತ್ತಾ?”

“ಕೆಲವರಿಗೆ ಕತ್ತಿದ್ದೂ ಆ ಕಡೆ ಈ ಕಡೆ ತಿರುಗಲ್ಲ. ಅದರಿಂದ ಏನು ತಿಳಿಯುತ್ತೆ?”

ಸಕ್ಕರೆ ಹತೋಟಿಗೆ ಬರಲಿ ಎಂದು ಡಾಕ್ಟರು ಆಪರೇಷನ್ ಮುಂದೂಡಿದರು. ಸಕ್ಕರೆಗೂ ಅಂಪೈರ್ ಸ್ವಭಾವವೇ ಇದ್ದುದರಿಂದ ಅದು ಇಳಿಯಲು ಕೆಲವು ತಿಂಗಳು ಹಿಡಿಯಿತು. ಕೊನೆಗೆ ಬಲಗಣ್ಣಿನ ಪೊರೆ ತೆಗೆದಾಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಹೊರಗೆ ಬಂದವರು ಕಾದು ಕೂತ ಜನರ ನಡುವೆ ನಿಂತು, ಎದುರಿನ ಗೋಡೆಯನ್ನು ನೋಡಿ, ಮೈದಾನದಲ್ಲಿ ಕಟ್ಟಕಡೆಯವರಿಗೂ ಕೇಳಿಸುವ ದನಿಯಲ್ಲಿ ಹೇಳಿದರು:

“ಅವನಿಲ್ಲ.”

“ಯಾರಿಲ್ಲ?” ಎಂದರು ನರ್ಸಮ್ಮ.

“ಕಾಡಿನಲ್ಲಿದ್ದೋನು. ಪೊರೆ ಇದ್ದಾಗ ಕಾಣ್ತಿದ್ದ. ಪೊರೆ ತೆಗೆದ ಮೇಲೆ ಇಲ್ಲ.”

ಕೋಣೆಯಲ್ಲಿದ್ದ ಎಲ್ಲರೂ ಗೋಡೆ ನೋಡಿದರು. ಯಾರಿಗೂ ಅವನು ಕಾಣಲಿಲ್ಲ. ಆದರೆ ಅಲ್ಲಿ ಇದ್ದವರೆಲ್ಲ ಕಣ್ಣಿನ ರೋಗಿಗಳು. ತಮಗೆ ಕಾಣದ್ದಕ್ಕೆ ತಮ್ಮ ಕಣ್ಣನ್ನೇ ದೂರುವುದು ಅಭ್ಯಾಸವಾದವರು. ಸಂಜೆಯೊಳಗೆ ಸುದ್ದಿ ಬೀದಿ ದಾಟಿತು. ಆ ಡಾಕ್ಟರ ಹತ್ತಿರ ಹೋದರೆ ಕಾಣುತ್ತಿದ್ದದ್ದೂ ಕಾಣುವುದಿಲ್ಲವಂತೆ. ವಾರ ಮುಗಿಯುವಷ್ಟರಲ್ಲಿ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡವರು ಒಬ್ಬೊಬ್ಬರಾಗಿ ಫೋನು ಮಾಡಿ, ಮೊಮ್ಮಗಳ ಪರೀಕ್ಷೆ, ಮನೆಗೆ ನೆಂಟರು, ಮಂಡಿನೋವು ಎಂದು ಹಿಂದೆ ಸರಿದರು. ಮಂಡಿನೋವಿಗೂ ಕಣ್ಣಿಗೂ ಏನು ಸಂಬಂಧ ಎಂದು ನರ್ಸಮ್ಮ ಕೇಳಲಿಲ್ಲ.

ಡಾಕ್ಟರು ಅಕ್ಕನನ್ನು ಕರೆಸಿದರು. ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮುಂಚೆಯೇ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಬಂದಳು. ತಮ್ಮ ಕುರ್ಚಿಯೊಂದರಲ್ಲಿ ರೋಗಿಯಂತೆ ಕೂತಿದ್ದ.

“ಅಂಪೈರ್ ಹತ್ತು ಗಂಟೆಗೆ ಬರ್ತಾರೆ. ನೀನು ಒಂದೇ ಒಂದು ಮಾತು ಹೇಳಬೇಕು.”

“ಏನಂತ?”

“ಅಲ್ಲಿ ಯಾರೂ ಇರಲಿಲ್ಲ ಅಂತ. ಬರೆದವಳು ನೀನು, ನೀನೇ ಹೇಳಿದ ಮೇಲೆ ಮುಗೀತು. ಅವರಿಗೆ ಪೊರೆಯಿಂದ ಭ್ರಮೆ ಆಗಿತ್ತು, ಈಗ ಕಣ್ಣು ಸರಿಹೋಗಿದೆ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.”

“ನಿನಗೂ ಅವನು ಕಾಣ್ತಿರಲಿಲ್ವಾ?”

“ಕಾಣ್ತಿದ್ದ. ಈಗ ಕಾಣಲ್ಲ. ಹೋಗಲಿ ಬಿಡು. ಅನುಮಾನ ಇದ್ದರೆ ಆ ಜಾಗಕ್ಕೆ ಒಂದು ಮರ ಬರೆದುಬಿಡು. ಅರ್ಧ ಗಂಟೆ ಕೆಲಸ ನಿನಗೆ.”

ಅಕ್ಕ ಚಿತ್ರದ ಹತ್ತಿರ ಹೋದಳು. ಕಾಡು ಇತ್ತು, ಬೆಳಕು ಇತ್ತು, ಅವನಿರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಮೋಡ ಕವಿದಂಥ ಬೂದುಗಪ್ಪು. ಕಿಟಕಿಯ ಪಕ್ಕಕ್ಕೆ ಸರಿದು, ಕತ್ತು ಓರೆ ಮಾಡಿ, ಬೆಳಕು ಚಿತ್ರದ ಮೇಲೆ ಜಾರಿ ಬೀಳುವ ಕಡೆಯಿಂದ ನೋಡಿದಳು. ಮರಗಳ ಮೇಲೆ ತೆಳುವಾದ ಹೊಳಪು. ನಡುವೆ, ಉದ್ದನೆಯ ತೇಪೆ ಹಾಕಿದಂತೆ, ಹೊಳಪೇ ಇಲ್ಲದ ಜಾಗ.

ಆಗ ಅವಳಿಗೆ ಅರ್ಥವಾಯಿತು, ಹಿಂದೆಯೇ ನಗುವೂ ಬಂತು. ಎಣ್ಣೆಬಣ್ಣ ಒಣಗುವಾಗ ತನ್ನ ಎಣ್ಣೆಯಲ್ಲಿ ಒಂದಷ್ಟನ್ನು ಕೆಳಗಿನ ಪದರಕ್ಕೆ ಬಿಟ್ಟುಕೊಡುತ್ತದೆ. ಬಣ್ಣದಲ್ಲಿ ಎಣ್ಣೆ ಸಾಕಷ್ಟು ಇದ್ದರೆ ತೊಂದರೆಯಿಲ್ಲ. ಕಡಿಮೆ ಇದ್ದರೆ ಗಾಢ ಬಣ್ಣಗಳೆಲ್ಲ, ದಿನವೂ ನೋಡುವವರಿಗೆ ಗೊತ್ತೇ ಆಗದಷ್ಟು ನಿಧಾನವಾಗಿ ಮಂಕಾಗಿ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯದಂತೆ ಒಳಗಿಳಿದುಬಿಡುತ್ತವೆ. ಅಕ್ಕನ ಕೈಯಲ್ಲಿ ಮೂವತ್ತು ವರ್ಷದ ಭಯ ಕೂತಿತ್ತು: ಹೊಳೆಯಬಾರದು. ಅದರಲ್ಲೂ ನಡುವಿನ ಜಾಗ, ಗಿರಾಕಿ ನಿಲ್ಲುವ ಜಾಗ, ಹೊಳೆಯಲೇಬಾರದು. ಅಲ್ಲಿ ಮಾತ್ರ ಅವಳು ಬಣ್ಣಕ್ಕೆ ಧಾರಾಳವಾಗಿ ಟರ್ಪಂಟೈನ್ ಬೆರೆಸಿ ತೆಳು ಮಾಡಿದ್ದಳು. ಸ್ಟುಡಿಯೋ ಇಲ್ಲ, ದೀಪವಿಲ್ಲ, ಮದುಮಗನಿಲ್ಲ. ಕೈಗೆ ಅದು ಗೊತ್ತಿರಲಿಲ್ಲ.

“ತಪ್ಪು ನನ್ನದೇ” ಎಂದಳು, ಸಂತೋಷದಿಂದ. “ಅವನು ಎಲ್ಲೂ ಹೋಗಿಲ್ಲ. ಒಳಗೆ ಹೋಗಿದ್ದಾನೆ. ಕರೆದರೆ ಬರ್ತಾನೆ.”

“ಅಕ್ಕ, ನಾನು ತಮಾಷೆ ಮಾಡ್ತಿಲ್ಲ. ಹನ್ನೆರಡು ವರ್ಷ ಕಷ್ಟಪಟ್ಟು ಕಟ್ಟಿದ ಆಸ್ಪತ್ರೆ ಇದು.”

“ನಾನೂ ಮಾಡ್ತಿಲ್ಲ. ಮೂವತ್ತು ವರ್ಷ ಯಾರ್ಯಾರೋ ಬಂದು ನಿಲ್ಲಲಿ ಅಂತ ಜಾಗ ಬಿಟ್ಟು ಬರೆದವಳು ನಾನು. ಇದೊಂದರಲ್ಲಿ ನಾನೇ ಒಬ್ಬನನ್ನ ನಿಲ್ಲಿಸಿದೀನಿ. ಅವನು ಇರಲೇ ಇಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ. ಮರ ಬೇಕಿದ್ದರೆ ಆಚೆ ನೆಡು.”

“ಅವನು ಬರದಿದ್ದರೆ?”

“ಸುಣ್ಣ ಬಳಿಯೋನನ್ನ ಕರೆಸು. ಇಡೀ ಕಾಡಿಗೆ ಬಳಿಸು. ನಾನು ಒಂದು ಮಾತೂ ಆಡಲ್ಲ.”

ತಮ್ಮ ಅಕ್ಕನ ಮುಖ ನೋಡಿದ. ಚಿಕ್ಕಂದಿನಲ್ಲಿ ಗೋಡೆ ಹಾರುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು. ಅವಳು ದಾಟುತ್ತಿದ್ದಳು, ಇವನು ಮೇಲೆ ಸಿಕ್ಕಿಕೊಳ್ಳುತ್ತಿದ್ದ. “ಸರಿ” ಎಂದ. “ಬರದಿದ್ದರೆ ಬಳಿಸ್ತೀನಿ. ಆಮೇಲೆ ಅಳಬೇಡ.”

“ಕರೆಯೋದು ಮಾತ್ರ ಅಂಪೈರ್ ಎದುರಿಗೇ. ಮೊದಲೇ ಮಾಡಿಟ್ಟರೆ ರಾತ್ರೋರಾತ್ರಿ ಹೊಸಬನನ್ನ ಬರೆದಳು ಅಂತಾರೆ.”

ಹತ್ತು ಗಂಟೆಗೆ ಅಂಪೈರ್ ಹೆಂಡತಿಯೊಂದಿಗೆ ಬಂದರು. ಸುದ್ದಿ ಹೇಗೋ ಹರಡಿ, ಆಪರೇಷನ್ ಮುಂದೂಡಿದವರಲ್ಲಿ ಹಲವರು ಬಂದಿದ್ದರು. ಮಂಡಿನೋವಿನವರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿ ಹಿಡಿದಿದ್ದರು.

ಅಕ್ಕ ಪೀಠಿಕೆ ಹಾಕಲಿಲ್ಲ. “ಅಂಪೈರ್ ಅವರೇ, ನೀವು ಹೇಳಿದ್ದು ಸರಿ. ಅಲ್ಲೊಬ್ಬ ಇದ್ದ. ಈಗ ಕಾಣಿಸ್ತಿಲ್ಲ. ನಿಮ್ಮ ಕಣ್ಣಿನ ತಪ್ಪಲ್ಲ, ನನ್ನ ಕೈತಪ್ಪು. ನೋಡ್ತಿರಿ.”

“ನಾನು ನೋಡೋಕೇ ಬಂದಿರೋದು” ಎಂದರು ಅಂಪೈರ್, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆಟ ಶುರುವಾಗುವ ಮುಂಚೆ ನಿಲ್ಲುವ ಹಾಗೆ ನಿಂತು.

ಅಕ್ಕ ಚೀಲದಿಂದ ಪುಟ್ಟ ಸೀಸೆ ತೆಗೆದಳು. ಅಗಸೆ ಎಣ್ಣೆ, ಅದಕ್ಕೆ ತುಸು ಟರ್ಪಂಟೈನ್. ಹಳೆಯ ಹತ್ತಿಬಟ್ಟೆಯ ಚೂರಿನ ತುದಿಗೆ ಅದ್ದಿ, ಹಿಂಡಿ, ಬೂದುಗಪ್ಪು ಜಾಗದ ಮೇಲೆ ಮಗುವಿನ ಮುಖ ಒರೆಸುವಷ್ಟು ಹಗುರವಾಗಿ ಆಡಿಸಿದಳು. ಮೊದಲು ಏನೂ ಆಗಲಿಲ್ಲ. ಡಾಕ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು. ಎರಡನೇ ಸಲ ಒರೆಸಿದಾಗ ಒಂದು ಭುಜ ಕಂಡಿತು.

ಮಂಡಿನೋವಿನವರು ಎದ್ದು ನಿಂತರು.

ಭುಜದ ಹಿಂದೆ ಬೆನ್ನು ಬಂತು, ಕೋಟಿನ ಮಡಿಕೆ ಬಂತು, ಹೊರಳಿದ ಕತ್ತು ಬಂತು. ಒಣಗಿದ ಹೊಳೆಗಲ್ಲು ನೀರು ತಾಗಿದಾಗ ಬಣ್ಣ ತಿರುಗುವ ಹಾಗೆ ಕತ್ತಲೊಳಗಿಂದ ಕತ್ತಲು ಬೇರೆಯಾಗಿ, ಒಬ್ಬ ಆಳು ಹೊರಗೆ ನಿಂತ. ಅಕ್ಕ ಒಣಬಟ್ಟೆಯಿಂದ ಹೆಚ್ಚಿನ ಎಣ್ಣೆಯನ್ನು ಒತ್ತಿ ತೆಗೆದು, ಪಕ್ಕಕ್ಕೆ ಸರಿದಳು. ಕೋಣೆಯ ತುಂಬ ಉಸಿರು ಬಿಟ್ಟ ಸದ್ದು. ಡಾಕ್ಟರ ಮುಖ ಅರಳಿತು.

“ಇಗೋ, ಬಂದ” ಎಂದಳು ಅಕ್ಕ.

ಅಂಪೈರ್ ಎರಡು ಹೆಜ್ಜೆ ಮುಂದೆ ಬಂದರು. ನೋಡಿದರು. ಇನ್ನೊಂದು ಹೆಜ್ಜೆ ಬಂದರು. ಆಮೇಲೆ ತಲೆಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸಿದರು.

“ಇವನಲ್ಲ.”

“ಏನು?” ಎಂದರು ಡಾಕ್ಟರು.

“ನಾನು ನೋಡಿದೋನು ಕಂದು ಕೋಟು ಹಾಕಿದ್ದ. ಇವನದು ನೀಲಿ. ಎಂಥಾ ನೀಲಿ, ಹೊಸ ನೀಲಿ. ನೀವು ಯಾರನ್ನೋ ತಂದು ನಿಲ್ಲಿಸಿದೀರಿ, ತಾಯಿ.”

“ನಾನು ಬಳಿದದ್ದೇ ನೀಲಿ” ಎಂದಳು ಅಕ್ಕ. ಅವಳ ದನಿ ಮೊದಲ ಬಾರಿಗೆ ಒಂದು ಮೆಟ್ಟಿಲು ಕೆಳಗಿಳಿಯಿತು. ಅವಳಿಗೆ ತಿಳಿದಿದ್ದ ವಿದ್ಯೆ ಎಣ್ಣೆಯ ಸೀಸೆಯೊಂದಿಗೆ ಮುಗಿದಿತ್ತು. ಕೋಟು ನೀಲಿಯೆಂಬುದು ಅವಳಿಗೆ ಅಂಗೈ ರೇಖೆಯಷ್ಟು ಖಚಿತ. ಆದರೆ ಅದನ್ನು ತೋರಿಸುವುದು ಹೇಗೆ? ಅಂಪೈರ್ ಹೇಳಿದ ಮೇಲೆ ಜನ ಯಾರ ಮಾತು ನಂಬುತ್ತಾರೆ? ಸುಣ್ಣ ಬಳಿಯುವವನ ಏಣಿ ಅವಳ ಕಣ್ಣ ಮುಂದೆ ಬಂದು ಹೋಯಿತು. ಆದರೂ ಅವಳು ಬಟ್ಟೆಯನ್ನು ಮತ್ತೆ ಎತ್ತಿಕೊಳ್ಳಲಿಲ್ಲ. “ನೀಲಿ” ಎಂದಳು ಇನ್ನೊಮ್ಮೆ. “ಹಿಂದೆಯೂ ನೀಲಿ, ಈಗಲೂ ನೀಲಿ. ಅದನ್ನ ನಾನು ಕಂದು ಮಾಡಲ್ಲ.”

“ನಾನು ಕಂದು ಅಂತ ಒಂದು ಸಲ ಹೇಳಿಯಾಗಿದೆ” ಎಂದರು ಅಂಪೈರ್.

ಆಗ ಡಾಕ್ಟರು ನಕ್ಕರು. ವಾರದಿಂದ ನಗು ಮರೆತಿದ್ದ ಮನುಷ್ಯ ನಕ್ಕದ್ದು ಕಂಡು ನರ್ಸಮ್ಮ ನೀರು ತರಲು ಓಡಿದರು.

“ಅಂಪೈರ್ ಸಾಹೇಬರೇ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಕೇಳಿದೀರಲ್ಲ? ಕಾಮಾಲೆ ವಿಷಯ ಸುಳ್ಳು. ಪೊರೆಯ ವಿಷಯ ನಿಜ. ಹಳೇ ಪೊರೆ ಕಷಾಯದ ಹಾಗೆ ಕಂದಾಗಿರುತ್ತೆ. ಅದರ ಮೂಲಕ ನೀಲಿ ದಾಟೋಕಾಗಲ್ಲ. ನಿಮ್ಮ ಎಡಗಣ್ಣಿನಲ್ಲಿ ಅದು ಇನ್ನೂ ಇದೆ. ಬಲಗಣ್ಣು ಮುಚ್ಚಿ.”

ಅಂಪೈರ್ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. ಹಳೆಯ ಕಣ್ಣಿನಿಂದ ನೋಡಿದರು. ಅವರ ಬಾಯಿ ಸ್ವಲ್ಪ ತೆರೆಯಿತು.

“ಕಂದು” ಎಂದರು. “ಇವನೇ. ಇವನನ್ನೇ ನಾನು ನೋಡಿದ್ದು.”

“ಈಗ ಎಡಗಣ್ಣು ಮುಚ್ಚಿ.”

“ನೀಲಿ.”

ಮತ್ತೆ ಬಲಗಣ್ಣು ಮುಚ್ಚಿದರು. ಮತ್ತೆ ಎಡಗಣ್ಣು. ಕಾಡಿನವನು ಕೋಟು ಬದಲಾಯಿಸುತ್ತ ಹೋದ. ಇದು ಎಷ್ಟು ಹೊತ್ತು ನಡೆಯಿತೆಂದರೆ, ಹಿಂದೆ ಕೂತವರೂ ತಂತಮ್ಮ ಕಣ್ಣು ಒಂದೊಂದಾಗಿ ಮುಚ್ಚಿ ತೆರೆದು, ತಮ್ಮಲ್ಲಿ ಎಷ್ಟು ಪೊರೆ ಉಳಿದಿದೆಯೆಂದು ಲೆಕ್ಕ ಹಾಕತೊಡಗಿದರು.

“ಎರಡರಲ್ಲಿ ಯಾವುದು ಸರಿ?” ಎಂದು ಅಂಪೈರ್ ಕೇಳಿದ್ದು ಡಾಕ್ಟರನ್ನಲ್ಲ, ಅಕ್ಕನನ್ನು.

“ನಾನು ಬಳಿದದ್ದು ನೀಲಿ” ಎಂದಳು ಅಕ್ಕ. “ನೀವು ನೋಡಿದ್ದು ಕಂದು. ನೀವು ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ.”

ಅಂಪೈರ್ ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು. ಆಯುಷ್ಯವೆಲ್ಲ ಕಂಡದ್ದನ್ನು ಕಂಡ ಹಾಗೆ ಹೇಳಿದ ಮನುಷ್ಯನಿಗೆ, ಕೊನೆಯ ಕೆಲವು ವರ್ಷ ಯಾವ ಪೊರೆಯ ಹಿಂದಿನಿಂದ ಎಷ್ಟು ಬೆರಳು ಎತ್ತಿದೆನೋ ಎಂಬ ಯೋಚನೆ ಬಂದಿರಬೇಕು. ಮುಖದ ಮೇಲೆ ಅಂಥದ್ದೇನೋ ಹಾದುಹೋಯಿತು. ಅಕ್ಕ ಅದನ್ನು ಕಂಡಳು, ಕಂಡೂ ಚೀಲ ಜೋಡಿಸುವುದರಲ್ಲಿ ಮಗ್ನಳಾದಳು. ಆಮೇಲೆ ಅವರು ಬೆನ್ನ ಹಿಂದಿನ ಕೈ ಬಿಡಿಸಿ ಮುಂದೆ ತಂದರು.

“ಕೋಟು ನೀಲಿ. ಮೊದಲಿನ ತೀರ್ಪು ವಾಪಸ್ಸು.”

“ಇದೇನು ಕೇಳ್ತಿದೀನಿ ನಾನು” ಎಂದರು ಹೆಂಡತಿ. “ಮದುವೆ ಆದಾಗಿನಿಂದ ಈ ಮಾತಿಗೇ ಕಾಯ್ತಿದ್ದೆ. ಅದನ್ನ ಒಂದು ಕೋಟಿನ ಮೇಲೆ ಖರ್ಚು ಮಾಡಿಬಿಟ್ರಲ್ಲ.”

“ನಿನಗೆ ಕಾಣ್ತಾನಾ ಈಗ?”

“ಮರದ ಮೋಟು ಕಾಣ್ತಿದೆ. ನೀಲಿ ಮೋಟು.”

ಡಾಕ್ಟರು ಅಂಪೈರ್ ಹೆಂಡತಿಯ ಮುಖ ನೋಡಿ, ನರ್ಸಮ್ಮನಿಗೆ ಕಣ್ಣಲ್ಲೇ ಏನೋ ಹೇಳಿದರು. ನರ್ಸಮ್ಮ ಹನಿಯ ಸೀಸೆ ತಂದರು. “ನೀವೂ ಸ್ವಲ್ಪ ಕೂತಿರಿ, ಅಮ್ಮ. ಹೇಗೂ ಬಂದಿದೀರಿ.”

ಜನ ಕರಗಿದ ಮೇಲೆ ತಮ್ಮ ಅಕ್ಕನ ಪಕ್ಕ ಬಂದು ನಿಂತ. ಇಬ್ಬರೂ ಚಿತ್ರ ನೋಡಿದರು. “ಈಗಲಾದರೂ ಹೇಳು, ಯಾರವನು?”

“ಗೊತ್ತಿಲ್ಲ. ಬಂದು ನಿಂತ. ಹೆಸರು ಕೇಳೋದು ಮರ್ಯಾದೆ ಅನಿಸಲಿಲ್ಲ.”

“ಗೊತ್ತಿಲ್ಲದೋನಿಗೋಸ್ಕರ ನನ್ನ ಆಸ್ಪತ್ರೆ ಪಣಕ್ಕಿಟ್ಟೆಯಾ?”

“ಗೊತ್ತಿಲ್ಲದೋರಿಂದ ತಾನೆ ನಿನ್ನ ಆಸ್ಪತ್ರೆ ನಡೀತಿರೋದು?” ಎಂದು ಅಕ್ಕ ಎಣ್ಣೆಯ ಕೈ ಒರೆಸಿಕೊಂಡಳು.

ಮುಂದಿನ ವಾರ ಅಂಪೈರ್ ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡರು. ಅದರ ಮುಂದಿನ ವಾರ ಅವರ ಹೆಂಡತಿ. ಅಕ್ಕ ಬಂದು ವಾರ್ನಿಷ್ ಬಳಿದಳು. ಚಿತ್ರ ಅದೇ ಗೋಡೆಯ ಮೇಲಿದೆ.